ಭಾಷಣ ಕೇಳಿಸಿ ಇಂಗ್ಲಿಷ್ ಕಲಿಸಿ

ಮಾನ್ಯ ಸಂಪಾದಕರೇ,

ಶಹಾಪುರದಲ್ಲಿ ನನ್ನದು ಹೊಲಿಗೆ ಅಂಗಡಿ. ಪಿಯುಸಿ ಓದುವ ಮಗಳು ಇಂಗ್ಲಿಷ್ ಪದಗಳನ್ನು ಉರು ಹೊಡೆದು ವಾರದಲ್ಲಿ ಮರೆಯುತ್ತಿದ್ದಳು. ಈಗ ರಾತ್ರಿ ಊಟವಾದ ಮೇಲೆ, ಆ್ಯಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ಜಾಬ್ಸ್ 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣವನ್ನು ಇಬ್ಬರೂ ಮೊಬೈಲಿನಲ್ಲಿ ತುಸುತುಸುವೇ ಕೇಳುತ್ತೇವೆ. ‘ಡ್ರಾಪ್ ಔಟ್’ ಅಂದರೆ ಓದು ಬಿಡುವುದು. ಹತ್ತಿ ಬಿಡಿಸಲು ಹೋಗುವ ಮಕ್ಕಳನ್ನು ಕಂಡ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಾವು ಕಾಲೇಜು ಬಿಟ್ಟ ಮೇಲೂ ಇಷ್ಟವಾದ ತರಗತಿಗೆ ಹೋಗಿ ಕೂತದ್ದನ್ನು ಜಾಬ್ಸ್ ‘ಡ್ರಾಪ್ ಇನ್’ ಎನ್ನುತ್ತಾರೆ! ಹಾಗೆ ಕಲಿತ ಅಂದದ ಬರವಣಿಗೆಯ ಕಲೆ, ‘ಕ್ಯಾಲಿಗ್ರಫಿ’, 10 ವರ್ಷದ ನಂತರ ಮ್ಯಾಕಿಂಟೋಶ್ ಕಂಪ್ಯೂಟರಿನ ಅಕ್ಷರಗಳಿಗೆ ಒದಗಿತು. ವಾರಕ್ಕೊಂದು ಒಳ್ಳೆಯ ಊಟಕ್ಕಾಗಿ ಭಾನುವಾರ ರಾತ್ರಿ 7 ಮೈಲಿ ನಡೆದು ಹರೇ ಕೃಷ್ಣ ಮಂದಿರಕ್ಕೆ ಹೋಗುತ್ತಿದ್ದರು ಎಂಬಲ್ಲಿ ಮಗಳು ಮೊಬೈಲ್ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟಳು. ಅಂದು ಕಲಿತ ಪದ ಒಂದನ್ನೂ ಮರೆತಿಲ್ಲ.

ನಮ್ಮ ಭಾಗದ ಸರ್ಕಾರಿ ಕಾಲೇಜುಗಳಲ್ಲಿ ವಾರಕ್ಕೊಂದು ತಾಸು ಇಂಥ ಭಾಷಣ ಕೇಳಿಸಲಿ. ನಡುನಡುವೆ ನಿಲ್ಲಿಸಿ, ಅರ್ಥವನ್ನು ಕನ್ನಡದಲ್ಲೇ ಬಿಡಿಸಿ ಹೇಳಲಿ ಎಂದು ಉಪನ್ಯಾಸಕರಲ್ಲಿ ಕೈಮುಗಿದು ಕೇಳುತ್ತೇನೆ.

— ಒಬ್ಬ ತಾಯಿ, ಶಹಾಪುರ, ಯಾದಗಿರಿ ಜಿಲ್ಲೆ