ರೌಡಿಗಳಿಗೆ ಬಿರುದು ಬೇಡ

ಮಾನ್ಯರೆ,

ಕಲಬುರಗಿಯ ಜಗತ್ ವೃತ್ತದ ಬಳಿ ಚಹಾ ಕುಡಿಯುತ್ತಿದ್ದ ಹೈಸ್ಕೂಲ್ ಹುಡುಗರು ಒಬ್ಬರನ್ನೊಬ್ಬರು ‘ಡೆಡ್ಲಿ’, ‘ಡಾನ್’ ಎಂದು ಕರೆಯುತ್ತಿದ್ದರು. ಒಬ್ಬನ ಬೈಕಿನ ನಂಬರ್ ಪ್ಲೇಟ್ ಮೇಲೂ ಅದೇ ಹೆಸರು. ಕೇಳಿ ಸಂಕಟವಾಯಿತು.

ಸಿನಿಮಾದವರು ಖಳನಿಗೆ ಎಂಥ ಹೆಸರಾದರೂ ಇಡಲಿ, ಅದು ಕಥೆ. ಆದರೆ ಸುದ್ದಿಯಲ್ಲೂ ‘ಸಯನೈಡ್ ಮೋಹನ್’ ಎಂದೇ ಏಕೆ ಬರೆಯಬೇಕು? 2009ರಲ್ಲಿ ಸಿಕ್ಕಿಬಿದ್ದ ಆ ಶಿಕ್ಷಕ, ಮದುವೆಯಾಗುತ್ತೇನೆಂದು ಬಡ ಹೆಣ್ಣುಮಕ್ಕಳನ್ನು ನಂಬಿಸಿ, ಗರ್ಭನಿರೋಧಕ ಮಾತ್ರೆ ಎಂದು ವಿಷ ಕೊಟ್ಟ. ಹಲವರು ಬಸ್ ನಿಲ್ದಾಣದ ಶೌಚಾಲಯದಲ್ಲೇ ಪ್ರಾಣ ಬಿಟ್ಟರು. ಅವನ ಅಡ್ಡಹೆಸರು ನಾಡಿಗೆಲ್ಲ ಬಾಯಿಪಾಠ. ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರನ್ನಾದರೂ ಯಾರಾದರೂ ಹೇಳಬಲ್ಲರೇ?

ಹೊಸಕೋಟೆ ಬಳಿಯ ದಂಡುಪಾಳ್ಯದ ಪಾಡು ಇನ್ನೂ ಕಷ್ಟ. ‘ದಂಡುಪಾಳ್ಯ ಗ್ಯಾಂಗ್’ ಎಂದು ಕರೆಸಿಕೊಂಡ ಒಂದು ಕೊಲೆಗಡುಕ ಗ್ಯಾಂಗಿನ ಪಾಪಕ್ಕೆ ಇಡೀ ಊರಿನ ಹೆಸರೇ ಕೆಟ್ಟಿತು. ಅಲ್ಲಿಯ ಮಕ್ಕಳು ತಮ್ಮ ಊರು ಯಾವುದೆಂದು ಹೇಗೆ ಹೇಳಿಕೊಳ್ಳಬೇಕು? ‘ಸೈಕೋ’ ಎಂಬ ವಿಶೇಷಣವಂತೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಮಾಡುವ ಅವಮಾನ.

ಗುರುತಿಗೆ ಬೇಕಿದ್ದರೆ ಪೊಲೀಸ್ ದಾಖಲೆಯಲ್ಲಿ ಅಡ್ಡಹೆಸರು ಇರಲಿ. ತಲೆಬರಹದಲ್ಲಿ ಆರೋಪಿಯ ನಿಜವಾದ ಹೆಸರನ್ನಷ್ಟೇ ಹಾಕಿ ಎಂದು ತಮ್ಮಲ್ಲಿ ಕಳಕಳಿಯ ವಿನಂತಿ.

– ನಿವೃತ್ತ ಶಿಕ್ಷಕ, ಶಹಾಬಜಾರ, ಕಲಬುರಗಿ