ಮಾತು ಕೊಡುವವನ ಪತ್ರ

ಪ್ರೀತಿಯ ಮಗಳೇ,

ಈ ವರ್ಷ ಊರಲ್ಲಿ ನಾಟಕ ಮಾಡುವುದೆಂದು ನಿಕ್ಕಿಯಾಯಿತು. ಬಂಡಿಹಬ್ಬದ ಮಾರನೇ ರಾತ್ರಿ, ಶಾಲೆಯ ಹಿಂದಿನ ಅದೇ ಗದ್ದೆಯಲ್ಲಿ. ಪರದೆ ಕಟ್ಟದೆ ಏಳು ವರ್ಷವಾಗಿತ್ತು. ಮೊದಲು ಕೊರೊನಾ ಎಂದು ನಿಂತಿತು. ಆಮೇಲೆ ಹುಡುಗರೇ ಇಲ್ಲ. ಒಬ್ಬ ಗೋವಾದಲ್ಲಿ, ಒಬ್ಬನಿಗೆ ಕೈಗಾದಲ್ಲಿ ಪಾಳಿ ಕೆಲಸ, ಇಬ್ಬರು ಬೋಟಿನ ಮೇಲೆ. ಈಗ ಅವರೇ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು, ಮಾತುಗಳನ್ನು ರೆಕಾರ್ಡ್ ಮಾಡಿ ಒಬ್ಬರಿಗೊಬ್ಬರು ಕಳಿಸಿ ಬಾಯಿಪಾಠ ಮಾಡುತ್ತಿದ್ದಾರೆ.

ಇಷ್ಟು ಹೇಳುವುದಕ್ಕೆ ಫೋನೇ ಸಾಕಿತ್ತು. ಎರಡು ಸಲ ಹಚ್ಚಿದೆ. ಎರಡು ಸಲವೂ ಮೊಮ್ಮಗನ ಕೆಮ್ಮು ಕಡಿಮೆಯಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು. ಬರೆದರೆ ಹೊರಬಂದೀತು ಎಂದು ಕುಳಿತಿದ್ದೇನೆ.

ಹೋದ ಭಾನುವಾರ ಶಾಲೆಯ ಜಗಲಿಯಲ್ಲಿ ಮೀಟಿಂಗು. ಮನೆಗೆ ಇಷ್ಟು ವರ್ಗಣಿ, ಪಾತ್ರ ಮಾಡುವವರು ಕೈಯಿಂದ ಇಷ್ಟು ಹಾಕಬೇಕು ಎಂದೆಲ್ಲ ಆಯಿತು. ಖರ್ಚಿನ ಪಟ್ಟಿಯಲ್ಲಿ ಪರದೆ, ಸೌಂಡು, ಲೈಟು, ಹಾರ್ಮೋನಿಯಂ ಮಾಸ್ತರರ ಗೌರವಧನ ಎಲ್ಲ ಕೂಡಿಸಿದರೂ, ಘಟ್ಟದ ಮೇಲಿಂದ ಕರೆಸುವ ಮೂವರು ನಟಿಯರ ಸಂಭಾವನೆ ಮತ್ತು ಗಾಡಿ ಬಾಡಿಗೆಯಷ್ಟಾಗುವುದಿಲ್ಲ. ಎಲ್ಲರೂ ತಲೆ ಕೆರೆದುಕೊಂಡು ಕೂತಾಗ ನಮ್ಮ ಅಂಗನವಾಡಿ ಟೀಚರು ಹಿಂದಿನ ಬೆಂಚಿನಿಂದ ಎದ್ದಳು. "ನಾವೇ ಮಾಡ್ದರೆ ಎಂತಾ ಆಗ್ತದೆ?" ಎಂದಳು. ಅವಳ ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರೂ ಕೈ ಎತ್ತಿದರು.

ಯಾರೂ ಮಾತಾಡಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಊರ ನಾಟಕದಲ್ಲಿ ಇಂಥ ಪ್ರಶ್ನೆಗೆ "ಅದು ಆಗುವಂಥದ್ದಲ್ಲ" ಎಂದು ಹೇಳುವ ಕೆಲಸ ಯಾವತ್ತೂ ನನ್ನದಾಗಿತ್ತು. ಹದಿನಾರು ವರ್ಷದ ಹಿಂದೆ, ನೀನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, ನಮ್ಮ ಮನೆಯ ತೆಣೆಯ ಮೇಲೆ ಕೂತು ನಿನಗೂ ಅದನ್ನೇ ಹೇಳಿದ್ದೆ.

ತಂಗೀ, ನಾನು ಒಂದು ಪಾತ್ರವನ್ನೂ ಮಾಡಿದವನಲ್ಲ. ಮೂವತ್ತು ವರ್ಷ ನಾಟಕಕ್ಕೆ ಮಾತು ಕೊಟ್ಟವನು. ಜನ ಪ್ರಾಂಪ್ಟರ್ ಎನ್ನುತ್ತಾರೆ. ಎಡಗಡೆ ವಿಂಗಿನೊಳಗೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬ್ಯಾಟರಿ. ಬ್ಯಾಟರಿಯ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆಳಕು ಪರದೆಯ ಮೇಲೆ ಬೀಳುತ್ತದೆ. ಮಾತು ಕೊಡುವುದು ಎಂದರೆ ಓದುವುದಲ್ಲ. ಪಾತ್ರಧಾರಿ ಬೇಕೆಂದೇ ಸುಮ್ಮನೆ ನಿಂತಿದ್ದಾನೋ, ಮರೆತು ನಿಂತಿದ್ದಾನೋ ಎಂಬುದು ಅವನ ಬೆನ್ನು ನೋಡಿಯೇ ತಿಳಿಯಬೇಕು. ಮರೆತವನ ಹೆಗಲು ಸ್ವಲ್ಪ ಮೇಲೇರುತ್ತದೆ. ಆಗ ಮುಂದಿನ ಮಾತಿನ ಮೊದಲ ಎರಡು ಶಬ್ದ ಸಾಕು. ಮೂರನೆಯದನ್ನು ಕೊಟ್ಟರೆ ಮೈಕಿಗೆ ಕೇಳಿಸಿಬಿಡುತ್ತದೆ.

ಎರಡು ತಿಂಗಳು ತಾಲೀಮು ಮಾಡಿದ ನಮ್ಮ ಹುಡುಗರು, ಪೌಡರು ಮೆತ್ತಿದ ಮುಖದ ಮೇಲೆ ಲೈಟು ಬಿದ್ದಕೂಡಲೇ ಮರೆಯುತ್ತಿದ್ದರು. ಮರೆಯದವರು ಘಟ್ಟದ ಮೇಲಿಂದ ಬರುತ್ತಿದ್ದ ಆ ನಟಿಯರು. ಹಬ್ಬದ ಸಂಜೆ ಆರಕ್ಕೆ ಬಂದಿಳಿದು, ಪುಸ್ತಕದ ಮೇಲೊಂದು ಸಲ ಕಣ್ಣಾಡಿಸಿ, ಎದುರು ಪಾತ್ರದವನ ಹೆಸರನ್ನೂ ಕೇಳದೆ ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಇಡೀ ನಾಟಕ ಹೊತ್ತು ದಾಟಿಸುತ್ತಿದ್ದರು. ನಮ್ಮವ ಮಾತು ತಪ್ಪಿದರೆ ಅವರೇ ತಮ್ಮ ಮಾತಿನೊಳಗೆ ಅವನ ಮಾತನ್ನೂ ಸೇರಿಸಿ ಹೇಳಿ ಎತ್ತಿಕೊಡುತ್ತಿದ್ದರು. ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ, ಅದೂ ಲೈಟಿನೆದುರು ನಿಂತು ಮಾಡುತ್ತಿದ್ದರು. ಊರು ಅವರಿಗೆ ಬಹುಮಾನ ಕೂಗಿತು, ಹಾಡಿಗೆ ಶಿಳ್ಳೆ ಹಾಕಿತು. ಬೆಳಗಾದ ಮೇಲೆ ಮನೆಗೆ ಕರೆದು ಒಂದು ಕಪ್ ಚಹಾ ಕೊಡಲು ಮಾತ್ರ ಹಿಂದೆ ಮುಂದೆ ನೋಡಿತು. ನಿನ್ನ ಆಯಿಯೊಬ್ಬಳು ನೋಡಲಿಲ್ಲ. ಅವರು ಊಟ ಮಾಡುತ್ತಿದ್ದುದು ನಮ್ಮ ಮನೆಯಲ್ಲೇ. ಹಾಗಾಗಿ ನಿನಗೆ ಅವರ ಪರಿಚಯ.

ಆ ವರ್ಷ ನೀನು ಕೇಳಿದ್ದು ಚಿಕ್ಕ ಪಾತ್ರ. ನಾಯಕನ ತಂಗಿ, ಎರಡೇ ದೃಶ್ಯ. ನಾನು ಗದರಲಿಲ್ಲ. ಗದರಿದ್ದರೆ ನೀನು ಜಗಳವಾಡುತ್ತಿದ್ದೆ. "ನಾಳೆ ನಿನ್ನ ಮದುವೆಯ ಮಾತು ಬಂದಾಗ ಹುಡುಗನ ಕಡೆಯವರು ಇದನ್ನೇ ಎತ್ತಿ ಆಡುತ್ತಾರೆ" ಎಂದು ಮೆಲ್ಲಗೆ ಹೇಳಿದೆ. ನೀನು ಎದ್ದು ಒಳಗೆ ಹೋದೆ. ಮತ್ತೆಂದೂ ಕೇಳಲಿಲ್ಲ.

ನಾಟಕದ ರಾತ್ರಿ ನಡೆದದ್ದನ್ನು ನಿನಗೆ ಹೇಳಿಲ್ಲ. ನಿನ್ನ ಆಯಿಗೂ ಹೇಳಿಲ್ಲ. ಮೂರನೇ ಅಂಕ ಮುಗಿದು ಪರದೆ ಬಿದ್ದಾಗ ನಾಯಕಿಯ ಪಾತ್ರದವಳು ವಿಂಗಿಗೆ ಬಂದು, ನೀರು ಕುಡಿದು, "ಅಣ್ಣಾರ, ಬಣ್ಣದ ಕೋಣಿ ಬಾಗಲದಾಗ ನಿಂತಾಳಲ್ರಿ ನಿಮ್ಮ ಮಗಳು, ನನ್ನ ಮಾತೆಲ್ಲಾ ತುಟಿಯೊಳಗ ಹೇಳಾಕತ್ತಾಳ. ನಾ ಒಂದು ಕಡೆ ತಪ್ಪಿದೆ, ಆಕಿ ತಪ್ಪಲಿಲ್ಲ. ಆಕಿಗೆ ಒಂದು ಪಾತ್ರ ಕೊಡ್ರಿ" ಎಂದಳು. ನಾನು ತಲೆಯಾಡಿಸಿ ಪುಸ್ತಕದ ಪುಟ ತಿರುಗಿಸಿದೆ. ನಾಲ್ಕನೇ ಅಂಕದಲ್ಲಿ ಎರಡು ಕಡೆ ತಪ್ಪು ಮಾತು ಕೊಟ್ಟೆ. ಮೂವತ್ತು ವರ್ಷದಲ್ಲಿ ನನ್ನಿಂದ ಹಾಗಾದದ್ದು ಅದೊಂದೇ ರಾತ್ರಿ.

ಹದಿನಾರು ವರ್ಷದಲ್ಲಿ ಎಷ್ಟೋ ಸಲ ಇದನ್ನು ನಿನಗೆ ಹೇಳಬೇಕೆಂದುಕೊಂಡೆ. ತಪ್ಪು ನನ್ನದು, ತಂಗೀ. ಕಾಲದ ಮೇಲೆ, ಊರಿನ ಮೇಲೆ ಹಾಕುವುದಿಲ್ಲ. ಆದರೆ ನಾನು ಎಂಥ ರಂಗದ ಮುಂದೆ ಬೆಳೆದೆ ಎಂಬುದನ್ನು ನಿನಗೆ ಹೇಳಬೇಕು. ಕ್ಷಮೆಗೆ ಕಾರಣವೆಂದು ಹೇಳುತ್ತಿಲ್ಲ. ನೀನೀಗ ಮಕ್ಕಳಿಗೆ ನಾಟಕ ಕಲಿಸುವವಳು, ನಿನಗೆ ಗೊತ್ತಿರಲಿ ಎಂದು.

ನಮ್ಮ ಜಿಲ್ಲೆಯಷ್ಟು ಯಕ್ಷಗಾನದ ಆಟದ ಹುಚ್ಚಿರುವ ಸೀಮೆ ಕಡಿಮೆ. ನನ್ನಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊನ್ನಾವರದ ಕಡೆ ಆಟಕ್ಕೆ ಒಯ್ಯುತ್ತಿದ್ದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ಹೇಳುವಾಗ ಅಪ್ಪ ಟವೆಲನ್ನು ಹೆಗಲಿಂದ ಇಳಿಸುತ್ತಿದ್ದ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಕಣ್ಣರಳಿಸಿಕೊಂಡು ಬರುವಾಗ ನಾನು ಅಪ್ಪನ ಅಂಗಿ ಹಿಡಿದುಕೊಂಡದ್ದು ಈಗಲೂ ನೆನಪಿದೆ. ಅವರಿಗೆ 2012ರಲ್ಲಿ ಪದ್ಮಶ್ರೀ ಬಂದ ದಿನ ನಾನು ಊರಿಗೆಲ್ಲ ಪೇಡೆ ಹಂಚಿದ್ದು ನಿನಗೂ ನೆನಪಿದ್ದೀತು. ಆದರೆ ಆ ಕೀಚಕನೆದುರು ನಡುಗಿ ನಿಂತ ಸೈರಂಧ್ರಿ ಗಂಡಸು. ಮೋಹಿನಿ ಗಂಡಸು, ದಮಯಂತಿ ಗಂಡಸು. ಎಷ್ಟು ಚೆಂದ ಮಾಡುತ್ತಿದ್ದರೆಂದರೆ, ಹೆಣ್ಣು ಇಲ್ಲ ಎಂಬುದು ನಮಗೆ ಕೊರತೆಯಾಗಿಯೇ ಕಾಣಲಿಲ್ಲ.

1842ರಲ್ಲಿ ನಮ್ಮ ಕಡೆಯ ಭಾಗವತರ ಮೇಳವೊಂದು ಸಾಂಗ್ಲಿಯವರೆಗೆ ಹೋಗಿ ಆಟವಾಡಿತ್ತು. ಅದನ್ನು ನೋಡಿದ ಅಲ್ಲಿಯ ರಾಜರು ಇಂಥದ್ದನ್ನು ಮರಾಠಿಯಲ್ಲೂ ಮಾಡಿ ಎಂದದ್ದಕ್ಕೇ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು. ಮರಾಠಿ ರಂಗಭೂಮಿ ಅಲ್ಲಿಂದ ಶುರು ಎನ್ನುತ್ತಾರೆ. ಇದನ್ನು ಹೇಳುವಾಗ ನನಗೆ ಎದೆಯುಬ್ಬುತ್ತಿತ್ತು, ನಿನಗೂ ಹತ್ತು ಸಲ ಹೇಳಿದ್ದೇನೆ. ಆ ಸೀತೆಯೂ ಗಂಡಸೇ ಎಂಬುದರ ಕಡೆ ಮಾತ್ರ ಮನಸ್ಸು ಹೋಗಿರಲಿಲ್ಲ. ನಮ್ಮ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನೋಡು. ತಲೆಗೆ ತುರಾಯಿ ಕಟ್ಟಿ ಮನೆಮನೆಯ ಅಂಗಳದಲ್ಲಿ ಕುಣಿಯುವವರು ಗಂಡಸರು. ಹಾಡಿನ ಕಣಜವೋ, ಹೆಂಗಸರ ಎದೆಯಲ್ಲಿ. ಅಂಕೋಲೆ ಹತ್ತಿರದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಮೆಟ್ಟಿಲು ಹತ್ತದ ಆ ಸುಕ್ರಜ್ಜಿ ಎಷ್ಟು ಹಾಡು ಹೊತ್ತಿದ್ದರೆಂದು ಲೆಕ್ಕ ಹಾಕಲು ದೂರದೂರದಿಂದ ಜನ ಬರಬೇಕಾಯಿತು. ಅಂಕೋಲೆಯ ಪಕ್ಕದಲ್ಲೇ ಇದ್ದ ನಾವು ಕೇಳಿಸಿಕೊಂಡಿದ್ದು ಕಡಿಮೆ.

ನಾನು ನಿನಗೆ ಆಗುವುದಿಲ್ಲ ಎಂದ ಹೊತ್ತಿಗೆ ಸುತ್ತಲೂ ಎಷ್ಟೋ ಬದಲಾಗಿತ್ತು. ಮಂಚೀಕೇರಿ ಕಡೆಯ ಸಿದ್ದಿ ಹೆಣ್ಣುಮಕ್ಕಳು, ಗಿರಿಜಾ ಸಿದ್ದಿಯಂಥವರು, ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು ದೊಡ್ಡ ದೊಡ್ಡ ಪಾತ್ರ ಮಾಡುತ್ತಿದ್ದರು. ಶಿರಸಿ, ಸಿದ್ದಾಪುರದ ಕಡೆ ಹೆಂಗಸರು ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆಯಲ್ಲಿ ಅರ್ಥ ಹೇಳತೊಡಗಿದ್ದರು. ನೀನಾಸಂ ತಿರುಗಾಟದ ನಾಟಕಕ್ಕೆ ನಿನ್ನನ್ನು ಕರೆದೊಯ್ದವನೂ ನಾನೇ. ಅಲ್ಲಿಯ ಹುಡುಗಿಯರ ಅಭಿನಯಕ್ಕೆ ಕೈ ನೋಯುವಷ್ಟು ಚಪ್ಪಾಳೆ ಹೊಡೆದೆ. ಬೇರೆಯವರ ಮಗಳಿಗೆ ಹೊಡೆದ ಚಪ್ಪಾಳೆ ಅದು. ನನ್ನ ಮಗಳು ಪಕ್ಕದಲ್ಲಿ ಕೂತು ಅದನ್ನು ನೋಡುತ್ತಿದ್ದಳು.

ಮೊನ್ನೆ ನಿನ್ನ ಶಾಲೆಯ ಮಕ್ಕಳ ನಾಟಕಕ್ಕೆ ಮೊದಲ ಬಹುಮಾನ ಬಂದಾಗ, "ನಾನೇನೂ ಮಾಡ್ಲಿಲ್ಲ ಅಪ್ಪಾ, ಒಳಗೆ ನಿಂತು ಮಾತು ಕೊಟ್ಟೆ ಅಷ್ಟೇ" ಎಂದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾತು ಕೊಡುವುದು ನಾನು ಆರಿಸಿಕೊಂಡ ಕೆಲಸ. ನಿನ್ನನ್ನು ಅಲ್ಲಿ ನಿಲ್ಲಿಸಿದವನು ನಾನು.

ಕಾರವಾರದ ಕಡಲ ದಂಡೆ ನೆನಪಿದೆಯಾ? ನಿನಗೆ ಹತ್ತು ವರ್ಷ. ದಂಡೆಗೆ ಟಾಗೋರರ ಹೆಸರು ಏಕೆ ಎಂದು ಕೇಳಿದ್ದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು, 1883ರಲ್ಲಿ ರವೀಂದ್ರರು ಅಣ್ಣನ ಜೊತೆ ಬಂದು ಉಳಿದಾಗ ಇಲ್ಲೇ ಒಂದು ನಾಟಕ ಬರೆದರು, ಆಗ ಅವರಿಗೆ 22 ವರ್ಷ ಎಂದು ಹೇಳಿದ್ದೆ. 'ಪ್ರಕೃತಿರ್ ಪ್ರತಿಶೋಧ್' ಅದರ ಹೆಸರು. ಕತೆಯನ್ನು ಅರ್ಧ ಹೇಳುವಷ್ಟರಲ್ಲಿ ನೀನು ಮರಳಾಟಕ್ಕೆ ಓಡಿದೆ. ಉಳಿದರ್ಧ ಈಗ ಹೇಳುತ್ತೇನೆ. ಎಲ್ಲ ಬಂಧನ ಕಡಿದುಕೊಂಡೆ ಎಂದು ಹೊರಟ ಸನ್ಯಾಸಿಯನ್ನು ಯಾರಿಗೂ ಬೇಡವಾದ ಒಬ್ಬಳು ಅನಾಥ ಹುಡುಗಿ ತಂದೆ ಎಂದು ಕರೆಯುತ್ತಾಳೆ. ಅವನ ಮನಸ್ಸು ಕರಗುತ್ತದೆ. ಕರಗಿದ್ದಕ್ಕೆ ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ದಂಡ ಕಮಂಡಲ ಎಸೆದು ಅವಳಿಗಾಗಿ ತಿರುಗಿ ಬರುತ್ತಾನೆ. ಬರುವಷ್ಟರಲ್ಲಿ ಹುಡುಗಿ ಉಳಿದಿರುವುದಿಲ್ಲ.

ಮೀಟಿಂಗಿನಲ್ಲಿ ಎಲ್ಲರೂ ನನ್ನ ಮುಖ ನೋಡಿದಾಗ ನನಗೆ ಆ ಸನ್ಯಾಸಿ ನೆನಪಾದ. ನೀನು ಶಿರಸಿಯಲ್ಲೇ ಇದ್ದೀ, ಚೆನ್ನಾಗಿದ್ದೀ, ದೇವರು ದೊಡ್ಡವನು. "ಆಗುತ್ತದೆ. ಮಾಡಲಿ. ನನ್ನ ಮಗಳನ್ನೂ ಕೇಳುತ್ತೇನೆ" ಎಂದೆ. ಅಂಗನವಾಡಿ ಟೀಚರು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಚಹಾ ಬಂತು.

ಆದ್ದರಿಂದ ಕೇಳುತ್ತಿದ್ದೇನೆ. ಸಾಮಾಜಿಕ ನಾಟಕ, ನಾಲ್ಕು ಅಂಕ. ದೊಡ್ಡಕ್ಕನ ಪಾತ್ರಕ್ಕೆ ಇನ್ನೂ ಯಾರ ಹೆಸರನ್ನೂ ಬರೆದಿಲ್ಲ. ಅಪ್ಪ ಸತ್ತ ಮೇಲೆ ಮನೆ ನಡೆಸುವವಳು, ಆರು ದೃಶ್ಯ, ಒಂದು ಹಾಡು. ಕೊನೆಯ ಅಂಕದಲ್ಲಿ ತಮ್ಮಂದಿರು ಆಸ್ತಿ ಪಾಲು ಮಾಡುವಾಗ ಅವಳದೊಂದು ಉದ್ದ ಮಾತಿದೆ. ಅದನ್ನು ಬೇಗ ಹೇಳಿ ಮುಗಿಸಬಾರದು, ನಡುವೆ ಮೂರು ಕಡೆ ಉಸಿರು ತಗೊಳ್ಳಬೇಕು. ತಾಲೀಮು ಶನಿವಾರ ರಾತ್ರಿ ಮತ್ತು ಭಾನುವಾರ. ಶನಿವಾರ ಶಾಲೆ ಬಿಟ್ಟ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದರೆ ಅಲ್ಲಿಂದ ನಾನು ಕರೆದುಕೊಂಡು ಬರುತ್ತೇನೆ. ಮೊಮ್ಮಗನನ್ನು ಆಯಿ ನೋಡಿಕೊಳ್ಳುತ್ತಾಳೆ. ಅಳಿಯಂದಿರಿಗೆ ಬೇರೆ ಪತ್ರ ಬರೆದಿಲ್ಲ. ಒಪ್ಪಿಗೆ ಕೇಳುವುದಾದರೆ ಅದು ನಿನ್ನ ಒಪ್ಪಿಗೆ ಮಾತ್ರ. ಬೇಡ ಎನಿಸಿದರೆ ಬೇಡ ಅನ್ನು. ಇಷ್ಟು ವರ್ಷದ ಮೇಲೆ ಕರೆದರೆ ಬರಲೇಬೇಕು ಎಂದಿಲ್ಲ. ನನಗೆ ಬೇಸರವಾಗುತ್ತದೆ, ಆದರೆ ಅದನ್ನು ಹೊರುವುದು ನನ್ನ ಪಾಲಿನದು.

ಪಾತ್ರದ ಮಾತುಗಳನ್ನೆಲ್ಲ ನನ್ನ ಕೈಯಿಂದಲೇ ಬರೆದು ಇದರೊಳಗೆ ಇಟ್ಟಿದ್ದೇನೆ. ನೀಲಿ ಶಾಯಿಯದು ನಿನ್ನ ಮಾತು. ಕೆಂಪು ಶಾಯಿಯದು ಎದುರು ಪಾತ್ರದ ಕೊನೆಯ ಎರಡು ಶಬ್ದ, ಅದು ಕೇಳಿದ ಮೇಲೆ ನೀನು ಶುರು ಮಾಡಬೇಕು. ಮೊದಲ ದೃಶ್ಯದಲ್ಲಿ ನೀನು ಬಲಗಡೆಯಿಂದ ಬರುತ್ತೀ, ಕೈಯಲ್ಲಿ ದೀಪ. ನಾನು ಎಡಗಡೆ ವಿಂಗಿನಲ್ಲಿರುತ್ತೇನೆ.

ಇಂತಿ ನಿನ್ನ
ಅಪ್ಪ