ಹುಡುಗ್ರು ತಿದ್ದಿದ್ರ ಮೇಷ್ಟ್ರು ಸೋಮಾರಿ ಅಂತಲ್ರಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಾಗ ಒಬ್ರು ಪಾಲಕರು ಬರ್ದಿದ್ರು, ಆನ್‌ಲೈನ್ ಕೋರ್ಸ್ ಅಂತ ಮಾಡಿ ಹುಡುಗ್ರ ಅಸೈನ್‌ಮೆಂಟ್ ಹುಡುಗ್ರ ಕೈಲೇ ತಿದ್ದಿಸ್ತಾರ, ಮತ್ತ ಮೇಷ್ಟ್ರು ಪಗಾರ ಎದಕ್ಕ ತಗೋತಾರ ಅಂತ. ಅವರ ಸಿಟ್ಟು ಸುಳ್ಳಲ್ಲ ಬಿಡ್ರಿ, ಆ ಎಡವಟ್ಟು ನಾನೂ ಮಾಡೀನಿ. ಕೊಪ್ಪಳ ಜಿಲ್ಲೆದಾಗ ಒಂದು ಡಿಗ್ರಿ ಕಾಲೇಜಿನಾಗ ಹಿಸ್ಟರಿ ಹೇಳ್ತೀನಿ. ನಮ್ಮಲ್ಲಿರೋದು ಮೂಡಲ್, ಆನ್‌ಲೈನ್‌ನಾಗ ಪಾಠ, ಅಸೈನ್‌ಮೆಂಟ್ ನಡೆಸಾಕ 2002ರಾಗ ಬಂದ ಫ್ರೀ ಸಾಫ್ಟ್‌ವೇರ್ (ಹೆಸರು ಕೇಳಿದ ದಿನಾನೇ ಹಿಂದಿನ ಬೆಂಚಿನಾವ "ಸರ್, ಪಡುವಲ್ ಯಾವಾಗ ಬರ್ತೈತಿ" ಅಂದ). ಅದರಾಗ ವರ್ಕ್‌ಶಾಪ್ ಅಂತ ಒಂದು ಆಕ್ಟಿವಿಟಿ ಐತಿ, ಒಬ್ಬರು ಬರ್ದಿದ್ದನ್ನ ಇನ್ನೊಬ್ಬರು ಓದಿ ಅಂಕ ಕೊಡೋದು.

ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನ ನೋಡಿ ಬಂದು ಎರಡು ಪುಟ ಬರೀರಿ ಅಂದೆ. ಬರ್ದ್ರು. ತಿದ್ದೋ ಹಂತಕ್ಕ ಬಟನ್ ಒತ್ತಿ ಆರಾಮ ಮಲಕ್ಕೊಂಡೆ, ಬೆಳಿಗ್ಗೆ ನೋಡಿದ್ರ ವಾಟ್ಸಾಪ್ ತುಂಬ "ಸರ್ ನಂಗೇನೂ ಬಂದಿಲ್ಲ". ಯಾರದು ಯಾರಿಗೆ ಅಂತ ಹಂಚೋದು ಬೇರೆ ಕೆಲಸ ಅಂತ, ಅದನ್ನ ನಾವೇ ಮಾಡ್ಬೇಕು ಇಲ್ಲಾ ಮೊದಲೇ ಶೆಡ್ಯೂಲ್ ಮಾಡಿಡ್ಬೇಕು ಅಂತ ಆಗ ತಿಳೀತು.

ಹಂಚಿದ ಮ್ಯಾಲೆ ಇನ್ನೊಂದು ತಮಾಷೆ. ಹೆಸರು ಮುಚ್ಚಿರಲಿಲ್ಲ, ಹಂಗಾಗಿ ಒಂದೇ ಬಸ್ಸಿಗೆ ಬರೋರು ಒಬ್ರಿಗೊಬ್ರು ಹತ್ತಕ್ಕ ಹತ್ತು, ಕೆಳಗ "ಸೂಪರ್ ಅಣ್ಣಾ". ಒಬ್ಬಾಕಿ ಮಾತ್ರ ನಿಯತ್ತಿನಿಂದ ಆರು, ಐದು, ಏಳು ಕೊಟ್ಟಿದ್ಲು, ಕಾರಣಾನೂ ಬರ್ದಿದ್ಲು. ಏನಾತು ಗೊತ್ತೇನ್ರಿ, ಅಕಿಗೇ ಅಂಕ ಕಡಿಮಿ! ಯಾಕಂದ್ರ ಈ ವ್ಯವಸ್ಥೆಯಾಗ ಬರ್ದಿದ್ದಕ್ಕ 80, ತಿದ್ದಿದ್ದಕ್ಕ 20 ಅಂತ ಮೊದಲಿಂದ ಇಟ್ಟಿರ್ತಾರ, ಬೇಕಾದ್ರ ನಾವು ಬದಲು ಮಾಡ್ಕೋಬಹುದು. ಆ 20 ಹೆಂಗ ಬರ್ತೈತಿ ಅಂದ್ರ ಒಂದು ಪೇಪರಿಗೆ ಎಲ್ಲರೂ ಕೊಟ್ಟ ಅಂಕದ ಸರಾಸರಿಗೆ ಯಾರು ಹತ್ರ ಅದಾರೋ ಅವರಿಗೆ ಜಾಸ್ತಿ. ಎಲ್ಲರೂ ಸೇರಿ ಸುಳ್ಳು ಹೇಳಿದ್ರ ಖರೇ ಹೇಳಿದಾಕಿನೇ ದೂರ ಉಳೀತಾಳ. ಕಂಪ್ಯೂಟರಿಗೇನು ಗೊತ್ತು ಪಾಪ. ಆ ಸಲ ಅಂಕ ಎಲ್ಲಾ ರದ್ದು ಮಾಡಿ ನಾನೇ ಕುಂತು ತಿದ್ದಿದೆ.

ಮುಂದಿನ ಸಲ ಪರ್ಮಿಷನ್ ಪುಟಕ್ಕ ಹೋಗಿ, ಬರ್ದವರ ಹೆಸರು ತಿದ್ದೋರಿಗೆ, ತಿದ್ದಿದವರ ಹೆಸರು ಬರ್ದವರಿಗೆ ಕಾಣದಂಗ ಮಾಡ್ದೆ. ನಾನೇ ಎರಡು ಮಾದರಿ ಬರ್ದು ಹಾಕ್ದೆ, ಒಂದು ಚೊಲೋದು, ಒಂದು ಬೇಕಂತ್ಲೇ ತಪ್ಪು ತುಂಬಿದ್ದು, ಅವನ್ನ ತಿದ್ದಿದ ಮ್ಯಾಲೇ ಗೆಳೆಯರ ಪೇಪರ್ ತೆರೀಬೇಕು. ಕೆಲವು ಪೇಪರಿಗೆ ನನ್ನ ಅಂಕಾನೂ ಹಾಕಿ ಅದಕ್ಕ ತೂಕ ಜಾಸ್ತಿ ಇಟ್ಟೆ, ಅಲ್ಲಿಗೆ ಸರಾಸರಿ ಹಾದಿಗೆ ಬಂತು. "ಬರವಣಿಗೆ ಉತ್ತಮ/ಮಧ್ಯಮ" ಅನ್ನೋ ಪ್ರಶ್ನೆ ಎಲ್ಲಾ ತೆಗೆದು "ಶಾಸನ ಇರೋ ಜಾಗ ಸರಿ ಹೇಳ್ಯಾರೇನು, ತಾವು ಕಣ್ಣಾರೆ ಕಂಡಿದ್ದು ಏನಾದ್ರೂ ಐತೇನು" ಅಂತ ಕನ್ನಡದಾಗ ಕೇಳ್ದೆ. ಗಡುವು ರಾತ್ರಿ 12ಕ್ಕ ಇಡ್ತಿದ್ದೆ, ಅದನ್ನೂ ಬಿಟ್ಟೆ, ಹಳ್ಳಿಯಾಗ ಕರೆಂಟ್ ಹೋದ್ರ ಹುಡುಗ್ರು ಏನ್ ಮಾಡ್ಬೇಕು ಹೇಳ್ರಿ, ಈಗ ಮಧ್ಯಾಹ್ನ ಮೂರಕ್ಕ, ಎಲ್ಲರೂ ಕಾಲೇಜಿನಾಗ ಇರೋ ಹೊತ್ತಿಗೆ.

ಆವಾಗ ಬಂದ ಒಂದು ಕಮೆಂಟ್ ನೋಡ್ರಿ: "ಪಾಲ್ಕಿಗುಂಡು ಅಂತ ಬರೆದು ಗವಿಮಠದ ಫೋಟೋ ಹಾಕೀರಿ. ಅಶೋಕ ಅನ್ನೋ ಹೆಸರು ಇಲ್ಲಿ ಕಲ್ಲಿನಾಗ ಇಲ್ಲ, ಬರೇ ದೇವಾನಾಂಪ್ರಿಯ ಅಂತೈತಿ, ಹೆಸರು ಇರೋದು ಮಸ್ಕಿಯಾಗ." ಇದನ್ನ ಬರ್ದಾವ ಕ್ಲಾಸಿನಾಗ ಬಾಯಿ ಬಿಡದ ಹುಡುಗ. ಮಸ್ಕಿ ಶಾಸನ ಸಿಕ್ಕಿದ್ದು 1915ರಾಗ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಾಗೂ ಆ ಹೆಸರು ಐತಿ ಅಂತ ನಾನು ಆಮ್ಯಾಲೆ ಸೇರಿಸ್ದೆ, ಅಷ್ಟೇ ನನ್ನ ಪಾಲು.

ಕೆಲಸ ಏನೂ ಕಡಿಮಿ ಆಗಿಲ್ರಿ, ಪೇಪರಿನ ಜೋಡಿ ಈಗ ಕಮೆಂಟೂ ಓದ್ಬೇಕು. ಆ ಪಾಲಕರು ತಮ್ಮ ಮಗಳ ಕಾಲೇಜಿಗೆ ಹೋಗಿ ಕೇಳ್ಲಿ, ಹೆಸರು ಮುಚ್ಚ್ಯಾರೋ ಇಲ್ಲೋ, ಮಾದರಿ ಪೇಪರ್ ತಿದ್ದಿಸ್ಯಾರೋ ಇಲ್ಲೋ, ತಕರಾರು ಬಂದ್ರ ಮೇಷ್ಟ್ರು ತಾವೇ ಓದಿ ಅಂಕ ಬದಲು ಮಾಡ್ತಾರೋ ಇಲ್ಲೋ ಅಂತ. ಇಲ್ಲ ಅಂದ್ರ ಜಗಳ ತೆಗೀಲಿ, ನಂದೇನೂ ಅಡ್ಡಿ ಇಲ್ಲ.

– ಒಬ್ಬ ಅತಿಥಿ ಉಪನ್ಯಾಸಕ, ಕೊಪ್ಪಳ ಜಿಲ್ಲೆ